ಹುಟ್ಟುಗುಣವೆಂಬ ಮಾತು

ಈ ಸ್ಮರಣ ಸಂಚಿಕೆಗೆ ನಾನೂ ಎರಡು ಮಾತು ಬರೆಯಬೇಕೆಂದು ಸಂಪಾದಕ ಮಂಡಲಿಯ ಸೋದರಿಯರು ಕೇಳಿಕೊಂಡಾಗ, ಶಾಲೆಯ ಕಟ್ಟಡ, ಫಲಿತಾಂಶ, ಬಹುಮಾನ ಇವುಗಳ ವಿಚಾರವನ್ನು ಬರೆದು ಒಪ್ಪಿಸಬಹುದೆಂದು ಮೊದಲು ಎಣಿಸಿದ್ದೆನು. ಅದಕ್ಕಾಗಿ ಕಚೇರಿಯ ಬೀರುವಿನಲ್ಲಿದ್ದ ಹಳೆಯ ದಾಖಲೆಗಳನ್ನು ತೆಗೆಸಿ ನೋಡುತ್ತಿರುವಾಗ, ವಿದ್ಯಾರ್ಥಿನಿಯರ ನಡತೆಯನ್ನು ಬರೆದಿಡುವ ಒಂದು ಪುಸ್ತಕವು ಕೈಗೆ ಸಿಕ್ಕಿತು. ಅದರ ಒಂದು ಪುಟದಲ್ಲಿ ‘ಸ್ವಭಾವ’ ಎಂಬ ಅಂಕಣದ ಕೆಳಗೆ ನನ್ನದೇ ಕೈಬರಹದಲ್ಲಿ ಹೀಗೆ ಬರೆದಿತ್ತು: ‘ಹುಟ್ಟಿನಿಂದಲೇ ಮಂದ. ಅಂತರ್ಮುಖಿ. ಮುಂದಾಳುತನವಿಲ್ಲ.’ ಬರೆದು 17 ವರ್ಷಗಳಾಗಿವೆ. ಶಾಯಿಯು ಮಾಸಿದ್ದರೂ ಓದಲು ಬರುತ್ತದೆ. ಫಲಿತಾಂಶದ ಲೆಕ್ಕವನ್ನು ಬೇರೆಯವರೂ ಬರೆಯಬಲ್ಲರು. ಈ ಮೂರು ವಾಕ್ಯಗಳ ಲೆಕ್ಕವನ್ನು ನಾನೇ ಒಪ್ಪಿಸಬೇಕಾಗಿದೆ. ಆದಕಾರಣ, ಮನುಷ್ಯರ ಸ್ವಭಾವವು ಹೇಗೆ ಬೆಳೆಯುತ್ತದೆ, ಒಬ್ಬರಿಂದೊಬ್ಬರಿಗೆ ಏತಕ್ಕೆ ಭೇದವಾಗುತ್ತದೆ ಎಂಬ ವಿಷಯದಲ್ಲಿ ಜನರು ನಂಬಿಕೊಂಡು ಬಂದಿರುವ ಮತಗಳನ್ನು ಕುರಿತು, ನಾನು ಓದಿದ್ದನ್ನೂ ಎಡವಿದ್ದನ್ನೂ ಸೇರಿಸಿ, ಈ ಲೇಖನವನ್ನು ಬರೆಯುತ್ತಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ಚಳ್ಳಕೆರೆಯಲ್ಲಿ. ಶೇಂಗಾ ಎಣ್ಣೆಯ ಗಿರಣಿಗಳಿಗೆ ಹೆಸರಾದ ಆ ಊರಿನಲ್ಲಿ ನಮ್ಮ ತಂದೆಯವರು ಒಂದು ಗಿರಣಿಯ ಲೆಕ್ಕ ಬರೆಯುತ್ತಿದ್ದರು. ಮನೆಯಲ್ಲಿ ನಾವು ಮೂವರು ಹೆಣ್ಣುಮಕ್ಕಳು. ಹಿರಿಯವಳು ಭೂಮಿತೂಕದವಳು, ನಡುವಿನವಳು ಜಗಳಗಂಟಿ, ಕಿರಿಯವಳು ಅಳುಬುರುಕಿ ಎಂದು ನಮ್ಮ ಅಜ್ಜಿಯವರು ಬಂದ ನೆಂಟರಿಗೆಲ್ಲ ಪರಿಚಯ ಮಾಡಿಕೊಡುತ್ತಿದ್ದರು. ಆ ನಡುವಿನವಳು ನಾನು. ನಾನು ಸಿಟ್ಟುಮಾಡಿದಾಗಲೆಲ್ಲ, ‘ಇವಳಿಗೆ ಸೋದರತ್ತೆಯ ಗುಣ ಬಂದಿದೆ, ಯಾರು ಏನು ಮಾಡೋಕಾಗುತ್ತೆ!’ ಎನ್ನುತ್ತಿದ್ದರು. ಆ ಸೋದರತ್ತೆಯವರು ನಾನು ಹುಟ್ಟುವುದಕ್ಕೆ ಮೊದಲೇ ತೀರಿಕೊಂಡಿದ್ದರು. ಅವರ ಮುಖವನ್ನೂ ನಾನು ಕಂಡವಳಲ್ಲ. ಆದಾಗ್ಯೂ ನನ್ನ ಕೋಪವು ಅವರಿಂದ ಬಂದ ಪಿತ್ರಾರ್ಜಿತ ಸೊತ್ತೆಂದೂ, ಅದನ್ನು ಕಾಪಾಡಿಕೊಂಡು ಬರುವುದೇ ನನ್ನ ಕೆಲಸವೆಂದೂ ಎಷ್ಟೋ ವರ್ಷ ನಂಬಿದ್ದೆನು. ಅದನ್ನು ಅಡಗಿಸುವ ಪ್ರಯತ್ನವನ್ನೇ ಮಾಡಲಿಲ್ಲ. ಹುಟ್ಟುಗುಣವೆಂಬ ಮಾತು ಮಕ್ಕಳಿಗೆ ಎರಡು ವಿಧದಲ್ಲಿ ಕೇಡು ಮಾಡುತ್ತದೆ: ಕೆಲವರನ್ನು ಕುಗ್ಗಿಸುತ್ತದೆ, ನನ್ನಂಥವರಿಗೆ ಒಳ್ಳೆಯ ನೆಪವಾಗುತ್ತದೆ.

ನಮ್ಮ ಗಾದೆಗಳನ್ನು ನೋಡಿರಿ. ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬುದು ಒಂದು. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬುದು ಇನ್ನೊಂದು. ‘ಸಹವಾಸದಿಂದ ಸನ್ಯಾಸಿ ಕೆಟ್ಟ’ ಎಂಬುದು ಮತ್ತೊಂದು. ಮೊದಲನೆಯದು ಎಲ್ಲವೂ ಹುಟ್ಟಿನಲ್ಲಿದೆಯೆನ್ನುತ್ತದೆ. ಎರಡನೆಯದು ಎಳವೆಯ ಶಿಕ್ಷಣದಲ್ಲಿದೆಯೆನ್ನುತ್ತದೆ. ಮೂರನೆಯದು, ಮುಪ್ಪಿನಲ್ಲಿಯೂ ಒಡನಾಟದಿಂದ ಮನುಷ್ಯನು ಬದಲಾಗುವನೆನ್ನುತ್ತದೆ. ಒಂದೇ ಜಗಲಿಯ ಮೇಲೆ, ಒಂದೇ ಸಂಜೆ, ಒಬ್ಬರೇ ಹಿರಿಯರು ಈ ಮೂರನ್ನೂ ಹೇಳುವುದುಂಟು. ತಮ್ಮ ಮಗುವಿನ ತಪ್ಪಿಗೆ ಸಹವಾಸ ಕಾರಣ. ನೆರೆಮನೆಯ ಮಗುವಿನ ತಪ್ಪಿಗೆ ಹುಟ್ಟುಗುಣ ಕಾರಣ. ಗಾದೆಯನ್ನು ಆರಿಸಿಕೊಳ್ಳುವುದು ಯಾರ ಮಗುವೆಂಬುದರ ಮೇಲೆ ನಿಂತಿರುತ್ತದೆ.

ಇದಕ್ಕಿಂತ ಕ್ರೂರವಾದ ಮತಗಳೂ ಉಂಟು. ಮೂಲಾ ನಕ್ಷತ್ರದಲ್ಲಿ ಹುಟ್ಟಿದವಳು ಮಾವನಿಗೆ ಕೇಡೆಂದೂ, ಆಶ್ಲೇಷೆಯಲ್ಲಿ ಹುಟ್ಟಿದವಳು ಅತ್ತೆಗೆ ಕೇಡೆಂದೂ ಹೇಳಿ, ಇನ್ನೂ ಬಾಯಿ ಬಾರದ ಹಸುಳೆಯ ಮೇಲೆ ಮುಂದೆ ಎಂದೋ ಕಾಣಲಿರುವ ಮನೆಯವರ ಸಾವನ್ನು ಹೊರಿಸಿಬಿಡುತ್ತಾರೆ. ಆ ಹುಡುಗಿಯು ತಲೆ ತಗ್ಗಿಸಿ ನಡೆದರೆ, ‘ನೋಡಿ, ನಕ್ಷತ್ರದ ಗುಣ’ ಎನ್ನುತ್ತಾರೆ. ತಲೆ ತಗ್ಗಿಸುವಂತೆ ಮಾಡಿದ್ದು ನಕ್ಷತ್ರವಲ್ಲ, ತಮ್ಮ ಮಾತೇ ಎಂಬುದು ಅವರಿಗೆ ತೋರುವುದಿಲ್ಲ.

ಪ್ರಾಚೀನ ಪಂಡಿತರು ಈ ವಿಷಯವನ್ನು ಹೆಚ್ಚು ಗಂಭೀರವಾಗಿ ವಿಚಾರಿಸಿದ್ದರು. ಚರಕ, ಸುಶ್ರುತ ಇವರ ಸಂಪ್ರದಾಯದ ವೈದ್ಯರು ವಾತ, ಪಿತ್ತ, ಕಫಗಳೆಂಬ ಮೂರು ದೋಷಗಳಲ್ಲಿ ಯಾವುದು ಹೆಚ್ಚೋ ಅದಕ್ಕನುಸಾರವಾಗಿ ದೇಹಪ್ರಕೃತಿಯೊಡನೆ ಮನೋಧರ್ಮವೂ ಇರುವುದೆಂದು ಹೇಳಿದರು. ಎರಡನೆಯ ಶತಮಾನದಲ್ಲಿದ್ದ ಗ್ರೀಕ್ ವೈದ್ಯನಾದ ಗೇಲನ್ನನು ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತಗಳೆಂಬ ನಾಲ್ಕು ರಸಗಳನ್ನು ಹೇಳಿ, ಉಲ್ಲಾಸಿ, ಜಡ, ಮುಂಗೋಪಿ, ವಿಷಾದಿ ಎಂಬ ಸ್ವಭಾವಗಳನ್ನು ಅವುಗಳಿಗೆ ಹೊಂದಿಸಿದನು. ಭಗವದ್ಗೀತೆಯ ಹದಿನಾಲ್ಕನೆಯ ಅಧ್ಯಾಯವು ಸತ್ತ್ವ, ರಜಸ್ಸು, ತಮಸ್ಸುಗಳನ್ನು ವಿವರಿಸುತ್ತದೆ. ಅಲ್ಲಿ ಒಂದು ಸೂಕ್ಷ್ಮವಿದೆ: ಈ ಮೂರರಲ್ಲಿ ಒಮ್ಮೆ ಒಂದು, ಇನ್ನೊಮ್ಮೆ ಮತ್ತೊಂದು ಮೇಲುಗೈಯಾಗುವುದೆಂಬ ಭಾವವು ಅಲ್ಲಿಯೇ ಬಂದಿದೆ. ಆದರೆ ಬಳಕೆಯ ಮಾತಿನಲ್ಲಿ ಆ ಸೂಕ್ಷ್ಮವು ಕಳೆದುಹೋಗಿ, ‘ಅವಳು ತಾಮಸಿ’ ಎಂಬ ಮುದ್ರೆ ಮಾತ್ರ ಉಳಿಯಿತು. ಹಿರಿಯರು ಕಂಡ ಭೇದಗಳು ಸುಳ್ಳಲ್ಲ. ಒಂದೇ ತರಗತಿಯ ನಲವತ್ತು ಬಾಲಿಕೆಯರನ್ನು ನೋಡುವ ಯಾವ ಉಪಾಧ್ಯಾಯಿನಿಯೂ ಭೇದವಿಲ್ಲವೆನ್ನಲಾರಳು. ಕಾರಣವನ್ನು ಹೇಳಿದಲ್ಲಿ ಅವರು ತಪ್ಪಿದರು. ಕಂಡದ್ದನ್ನು ಡಬ್ಬಗಳಲ್ಲಿ ತುಂಬಿದಲ್ಲಿ ನಾವು ತಪ್ಪಿದೆವು.

ಹೊಸ ಕಾಲದ ಮನಶ್ಶಾಸ್ತ್ರವು ನಮ್ಮ ನಾಡಿಗೆ ಬೇಗನೆ ಬಂದಿತು. ಕಲ್ಕತ್ತೆಯ ವಿಶ್ವವಿದ್ಯಾನಿಲಯದಲ್ಲಿ 1916ರಲ್ಲಿಯೂ ಮೈಸೂರಿನಲ್ಲಿ 1924ರಲ್ಲಿಯೂ ಈ ಶಾಸ್ತ್ರಕ್ಕೆ ಪ್ರತ್ಯೇಕ ವಿಭಾಗಗಳಾದವು. ಮೈಸೂರಿನ ವಿಭಾಗವನ್ನು ಕಟ್ಟಿದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ ಎಂಬ ಪ್ರಸಿದ್ಧ ಪಂಡಿತರ ಶಿಷ್ಯರಾಗಿದ್ದವರು. 1935ರಲ್ಲಿ ಮೈಸೂರಿನಲ್ಲಿ ‘ಆಕಾಶವಾಣಿ’ಯನ್ನು ಆರಂಭಿಸಿದವರೂ ಅವರೇ. ಸ್ವಿಟ್ಜರ್ಲೆಂಡಿನ ಯೂಂಗ್ ಎಂಬ ವೈದ್ಯರು 1921ರಲ್ಲಿ ಅಂತರ್ಮುಖಿ, ಬಹಿರ್ಮುಖಿ ಎಂಬ ಭೇದವನ್ನು ಪ್ರಚುರಪಡಿಸಿದರು. ಅಮೆರಿಕದ ತಾಯಿಯೊಬ್ಬರೂ ಅವರ ಮಗಳೂ ಕೂಡಿ ಆ ಮತವನ್ನು ಬೆಳೆಸಿ, ಜನರನ್ನು ಹದಿನಾರು ಅಚ್ಚುಗಳಾಗಿ ವಿಂಗಡಿಸುವ ಪ್ರಶ್ನಾವಳಿಯನ್ನು ಮಾಡಿದರು. ಇವರಿಬ್ಬರೂ ಮನಶ್ಶಾಸ್ತ್ರದಲ್ಲಿ ಶಿಕ್ಷಣ ಪಡೆದವರಲ್ಲ. ಕೆಲವೇ ವಾರಗಳ ಅನಂತರ ಅದೇ ಪ್ರಶ್ನೆಗಳಿಗೆ ಮತ್ತೆ ಉತ್ತರ ಕೊಟ್ಟಾಗ ಅನೇಕರಿಗೆ ಬೇರೆ ಅಚ್ಚು ಬರುವುದೆಂದು ಪರೀಕ್ಷಿಸಿದವರು ಹೇಳಿದ್ದಾರೆ. ಹಾಗಿದ್ದರೂ ಇಂದು ಕಂಪೆನಿಗಳಲ್ಲಿಯೂ ತರಬೇತಿ ಶಿಬಿರಗಳಲ್ಲಿಯೂ ಅದಕ್ಕೆ ಬಹಳ ಮನ್ನಣೆಯುಂಟು.

ಇಂಥ ವರ್ಣನೆಗಳು ನಮಗೆ ನಿಜವೆಂದು ತೋರುವುದು ಹೇಗೆಂಬುದನ್ನು ಫೋರರ್ ಎಂಬ ಅಮೆರಿಕದ ಅಧ್ಯಾಪಕರು 1948ರಲ್ಲಿ ತೋರಿಸಿಕೊಟ್ಟರು. ಅವರು ತಮ್ಮ 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆಯನ್ನು ಕೊಟ್ಟು, ಒಂದು ವಾರದ ಮೇಲೆ ಒಬ್ಬೊಬ್ಬರ ಸ್ವಭಾವವನ್ನೂ ಬರೆದ ಕಾಗದವನ್ನು ಹಂಚಿದರು. ಅದು ಎಷ್ಟು ಸರಿಯಾಗಿದೆಯೆಂದು ಕೇಳಲು, ಐದಕ್ಕೆ ಸರಾಸರಿ 4.26 ಅಂಕಗಳು ಬಂದವು. ಆದರೆ ಎಲ್ಲರಿಗೂ ಕೊಟ್ಟದ್ದು ಒಂದೇ ಬರಹ; ಅದರ ಬಹುಭಾಗವನ್ನು ಜ್ಯೋತಿಷ್ಯದ ಒಂದು ಅಗ್ಗದ ಪುಸ್ತಕದಿಂದ ತೆಗೆದಿದ್ದರು! ಇದನ್ನು ಓದಿದ ಮೇಲೆ ನಾನೂ ನಮ್ಮ ಉಪಾಧ್ಯಾಯಿನಿಯರಿಗೆ ಒಂದು ಶನಿವಾರ ಹಾಗೆಯೇ ಮುಚ್ಚಿದ ಲಕೋಟೆಗಳನ್ನು ಹಂಚಿದೆನು. ಹನ್ನೊಂದು ಮಂದಿಯಲ್ಲಿ ಒಂಬತ್ತು ಮಂದಿ ಮೆಚ್ಚಿಕೊಂಡರು. ಒಬ್ಬರಂತೂ ಕಣ್ಣು ಒದ್ದೆಮಾಡಿಕೊಂಡು, ‘ನಮ್ಮ ಅತ್ತೆಯ ಮನೆಯ ಸಂಗತಿ ನಿಮಗೆ ಯಾರು ಹೇಳಿದರು, ಮೇಡಂ?’ ಎಂದು ಕೇಳಿದರು. ಲಕೋಟೆಗಳನ್ನು ಅದಲುಬದಲು ಮಾಡಿ ಓದಿಸಿದಾಗ ಎಲ್ಲರೂ ನಕ್ಕೆವು. ನನ್ನ ನಗು ಬಹಳ ಹೊತ್ತು ನಿಲ್ಲಲಿಲ್ಲ. ಏತಕ್ಕೆಂದರೆ, ನನ್ನ ಮಾತನ್ನು ಇಷ್ಟೇ ಸುಲಭವಾಗಿ ನಂಬಿದ ಇನ್ನೊಂದು ಮನೆಯು ನೆನಪಿಗೆ ಬಂದಿತು. ದಾಖಲೆಯ ಆ ಮೂರು ವಾಕ್ಯಗಳ ಕಥೆಯನ್ನು ಇನ್ನು ಹೇಳಬೇಕು.

ಆ ಹುಡುಗಿಯು ಮೊಳಕಾಲ್ಮೂರಿನವಳು. ತಂದೆಯು ರೇಷ್ಮೆ ಸೀರೆ ನೇಯುವವರು. ಎಂಟನೆಯ ತರಗತಿಗೆ ನಮ್ಮಲ್ಲಿಗೆ ಬಂದು ವಿದ್ಯಾರ್ಥಿನಿಲಯದಲ್ಲಿ ಸೇರಿದಳು. ಎರಡು ವರ್ಷದಲ್ಲಿ ಅವಳ ಬಾಯಿಂದ ನಾನು ಹತ್ತು ವಾಕ್ಯಗಳನ್ನು ಕೇಳಿದೆನೋ ಇಲ್ಲವೋ. ಪ್ರಶ್ನೆ ಕೇಳಿದರೆ ಎದ್ದು ನಿಲ್ಲುವಳು, ಮೇಜಿನ ಅಂಚನ್ನು ಬೆರಳಿನಿಂದ ಸವರುವಳು, ಸುಮ್ಮನಿರುವಳು. ನಾನು ಆಗ ತರಬೇತಿ ಮುಗಿಸಿ ಹೆಚ್ಚು ವರ್ಷಗಳಾಗಿರಲಿಲ್ಲ. ಯೂಂಗರ ಶಬ್ದಗಳು ನಾಲಿಗೆಯ ತುದಿಯಲ್ಲಿದ್ದವು. ವರ್ಷದ ಕೊನೆಯಲ್ಲಿ ‘ಸ್ವಭಾವ’ದ ಅಂಕಣವನ್ನು ತುಂಬಬೇಕಾಯಿತು. ಎರಡು ನಿಮಿಷದಲ್ಲಿ ತುಂಬಿದೆನು. ಅದೇ ಮಾತುಗಳು ಪ್ರಗತಿಪತ್ರಕ್ಕೂ ಏರಿದವು.

ಜೂನ್ ತಿಂಗಳಲ್ಲಿ ಅವಳು ಹಿಂತಿರುಗಲಿಲ್ಲ. ಒಬ್ಬ ಉಪಾಧ್ಯಾಯಿನಿಯನ್ನು ಜೊತೆಗೆ ಕರೆದುಕೊಂಡು ನಾನು ಮೊಳಕಾಲ್ಮೂರಿಗೆ ಹೋದೆನು. ಮನೆಯ ಮುಂದಿನ ಭಾಗವೆಲ್ಲ ಮಗ್ಗವೇ. ತಂದೆಯವರು ಮಗ್ಗದಿಂದೆದ್ದು ಚಾಪೆ ಹಾಸಿ, ನೀರು ಕೊಟ್ಟು, ಗೋಡೆಯ ಪಟದ ಹಿಂದಿನಿಂದ ಮಡಿಸಿಟ್ಟಿದ್ದ ಪ್ರಗತಿಪತ್ರವನ್ನು ತೆಗೆದರು. ಅವರಿಗೆ ಓದು ಬಾರದು. ಪಕ್ಕದ ಮನೆಯ ಹುಡುಗನಿಂದ ಓದಿಸಿದ್ದರು. ‘ನೀವೇ ಬರೆದೀರಲ್ಲಮ್ಮಾ, ಹುಡುಗಿ ಹುಟ್ಟಿನಿಂದ್ಲೇ ಮಂದ ಅಂತ. ಓದಿದೋರು ನೀವು, ತಿಳಿದೇ ಬರೆದಿರ್ತೀರಿ. ಇನ್ನ ಓದಿಸಿ ಏನು ಮಾಡಾದು? ಸುಮ್ನೆ ನಿಮಗೂ ತೊಂದ್ರೆ’ ಎಂದರು. ಅವರ ಮಾತಿನಲ್ಲಿ ಕುಹಕವಿರಲಿಲ್ಲ, ಪೂರ್ಣವಾದ ನಂಬಿಕೆಯಿತ್ತು. ಅದರಿಂದಲೇ ಅದು ನನ್ನನ್ನು ಹೆಚ್ಚು ಚುಚ್ಚಿತು.

ಅಷ್ಟರಲ್ಲಿ ಒಳಗಿನಿಂದ ಒಂದು ಗಟ್ಟಿ ದನಿ ಕೇಳಿಬಂದಿತು. ಕಂಡಿಕೆ ಸುತ್ತುತ್ತಿದ್ದ ಇಬ್ಬರು ತಮ್ಮಂದಿರಿಗೆ ಯಾರೋ ಒಂದರ ಮೇಲೊಂದು ಕೆಲಸ ಹೇಳುತ್ತಿದ್ದರು; ಒಬ್ಬನನ್ನು ಗದರಿಸಿ, ಇನ್ನೊಬ್ಬನನ್ನು ನಗಿಸಿ, ನಡುವೆ ನೂಲಿನ ಲೆಕ್ಕವನ್ನೂ ತಪ್ಪದೆ ಒಪ್ಪಿಸುತ್ತಿದ್ದರು. ಎಲ್ಲವೂ ತೆಲುಗಿನಲ್ಲಿ. ಆ ದನಿಯು ಯಾರದೆಂದು ನಾನು ಕೇಳಬೇಕಾಯಿತು. ಅದು ನನ್ನ ಮಂದ ಸ್ವಭಾವದ, ಮುಂದಾಳುತನವಿಲ್ಲದ ವಿದ್ಯಾರ್ಥಿನಿಯದೇ ಆಗಿತ್ತು. ಆಂಧ್ರದ ಗಡಿಗೆ ಹೊಂದಿರುವ ಆ ತಾಲ್ಲೂಕಿನಲ್ಲಿ ತೆಲುಗು ಮನೆಮಾತಾಗಿರುವ ಕುಟುಂಬಗಳು ಬಹಳ. ಇದು ನನಗೆ ತಿಳಿಯದ ವಿಷಯವಲ್ಲ. ತಿಳಿದಿದ್ದರೂ ಆ ಅಂಕಣವನ್ನು ತುಂಬುವಾಗ ನೆನಪಿಗೆ ಬರಲಿಲ್ಲ. ಮುಂದೆ ಅವಳ ಗೆಳತಿಯಿಂದ ಇನ್ನೊಂದು ಸಂಗತಿಯೂ ತಿಳಿಯಿತು. ಎಂಟನೆಯ ತರಗತಿಯ ಮೊದಲ ವಾರದಲ್ಲಿ ಅವಳು ಕನ್ನಡದ ಒಂದು ಶಬ್ದವನ್ನು ತೆಲುಗಿನ ರೀತಿಯಲ್ಲಿ ಉಚ್ಚರಿಸಿದಳಂತೆ, ತರಗತಿಯೆಲ್ಲ ನಕ್ಕಿತಂತೆ, ನಾನೂ ನಕ್ಕೆನಂತೆ. ನನಗೆ ಅದರ ನೆನಪಿಲ್ಲ. ನಕ್ಕವರಿಗೆ ನೆನಪಿರುವುದಿಲ್ಲ.

ತಂದೆಯವರು ಆ ದಿನ ಒಪ್ಪಲಿಲ್ಲ. ಇನ್ನೆರಡು ಸಲ ಹೋಗಿ ಬಂದ ಮೇಲೆ, ಮುಂದಿನ ವರ್ಷ ಕಳುಹಿಸಿದರು. ಅವಳು ತನಗಿಂತ ಕಿರಿಯರೊಡನೆ ಕುಳಿತು ಹತ್ತನೆಯ ತರಗತಿಯನ್ನು ಮುಗಿಸಿ ತೇರ್ಗಡೆಯಾದಳು. ಕಳೆದುಹೋದ ಒಂದು ವರ್ಷದ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ದಾಖಲೆಯನ್ನೂ ನಾನು ತಿದ್ದಲಿಲ್ಲ.

ಆ ಮೇಲೆ ನಾನು ಈ ವಿಷಯವನ್ನು ಹೆಚ್ಚು ಎಚ್ಚರಿಕೆಯಿಂದ ಓದತೊಡಗಿದೆನು. ಈಗಿನ ಪಂಡಿತರಲ್ಲಿ ಬಹುಮಂದಿ ಮನುಷ್ಯರನ್ನು ಅಚ್ಚುಗಳಾಗಿ ವಿಂಗಡಿಸುವುದಿಲ್ಲ. ಹೊಸದಕ್ಕೆ ತೆರೆದ ಮನಸ್ಸು, ಕರ್ತವ್ಯನಿಷ್ಠೆ, ಬಹಿರ್ಮುಖತೆ, ಸೌಹಾರ್ದ, ಮನಃಕ್ಷೋಭೆ ಎಂಬ ಐದು ಗುಣಗಳು ಎಲ್ಲರಲ್ಲಿಯೂ ಇರುವುವೆಂದೂ, ಹೆಚ್ಚುಕಡಿಮೆಯ ಅಳತೆಯಲ್ಲಿ ಮಾತ್ರ ಭೇದವೆಂದೂ ಅವರು ಹೇಳುತ್ತಾರೆ. ಎತ್ತರದಲ್ಲಿ ಹೇಗೆ ಎಲ್ಲರೂ ‘ಉದ್ದದವರು’, ‘ಗಿಡ್ಡರು’ ಎಂಬ ಎರಡೇ ಜಾತಿಯಾಗಿಲ್ಲವೋ ಹಾಗೆ. ಈ ಗುಣಗಳು ಕಲ್ಲಿನಲ್ಲಿ ಕೊರೆದವುಗಳೂ ಅಲ್ಲ. ಹರೆಯ ಕಳೆದು ನಡುವಯಸ್ಸಿಗೆ ಬರುವಷ್ಟರಲ್ಲಿ ಸಾಮಾನ್ಯವಾಗಿ ಜನರಲ್ಲಿ ಕರ್ತವ್ಯನಿಷ್ಠೆಯು ಹೆಚ್ಚುತ್ತದೆ, ಮನಃಕ್ಷೋಭೆಯು ತಗ್ಗುತ್ತದೆ. ಹದಿನಾಲ್ಕು ವರ್ಷದ ಹುಡುಗಿಯ ಸ್ವಭಾವವನ್ನು ಮುಗಿದುಹೋದ ಸಂಗತಿಯೆಂಬಂತೆ ಬರೆಯುವುದು, ಬಿತ್ತಿದ ತಿಂಗಳಲ್ಲಿ ಬೆಳೆಯ ಲೆಕ್ಕವನ್ನು ಬರೆದಂತೆಯೇ ಸರಿ.

ಹಾಗಾದರೆ ಹುಟ್ಟಿಗೆ ಪಾಲೇ ಇಲ್ಲವೇ? ಉಂಟು. 2015ರಲ್ಲಿ, ಅವಳಿಗಳನ್ನು ಕುರಿತು 50 ವರ್ಷಗಳಲ್ಲಿ ನಡೆದ ಪರಿಶೋಧನೆಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದರು. 1 ಕೋಟಿ 40 ಲಕ್ಷಕ್ಕೂ ಮಿಕ್ಕ ಅವಳಿ ಜೊತೆಗಳ ಲೆಕ್ಕ ಅದರಲ್ಲಿತ್ತು. ದೇಹ ಮನಸ್ಸುಗಳ ನಾನಾ ಲಕ್ಷಣಗಳಲ್ಲಿ ಕಾಣುವ ಭೇದದ ಸರಾಸರಿ ಶೇಕಡ 49ರಷ್ಟು ಅನುವಂಶದಿಂದ ಬಂದದ್ದೆಂದು ತೇಲಿತು. ಇದನ್ನು ಜನರು ತಪ್ಪಾಗಿ ತಿಳಿಯುತ್ತಾರೆ. ಚಳ್ಳಕೆರೆಯ ರೈತರಿಗೆ ಇದನ್ನು ವಿವರಿಸುವುದು ಸುಲಭ. ಹಲವು ತಳಿಯ ಶೇಂಗಾ ಬೀಜಗಳನ್ನು ಒಂದೇ ಹದದ ಒಂದೇ ಹೊಲದಲ್ಲಿ ಬಿತ್ತಿದರೆ ಗಿಡಗಳಲ್ಲಿ ಕಾಣುವ ಭೇದವು ಬಹುಪಾಲು ಬೀಜದ್ದು. ಒಂದೇ ತಳಿಯ ಬೀಜವನ್ನು ಮಳೆ ಬಿದ್ದ ಹೊಲದಲ್ಲಿಯೂ ಬೀಳದ ಹೊಲದಲ್ಲಿಯೂ ಬಿತ್ತಿದರೆ ಭೇದವು ಬಹುಪಾಲು ಹೊಲದ್ದು. ಆ ಶೇಕಡವು ಗುಂಪಿನಲ್ಲಿರುವ ಭೇದದ ಲೆಕ್ಕವೇ ಹೊರತು, ಒಂದು ಗಿಡದಲ್ಲಿ ಇಷ್ಟು ಭಾಗ ಬೀಜ, ಇಷ್ಟು ಭಾಗ ಮಣ್ಣು ಎಂದು ಕೊಯ್ದು ತೋರಿಸುವ ಲೆಕ್ಕವಲ್ಲ. ಒಣಗಿದ ಗಿಡವನ್ನು ಕಂಡು ಬೀಜವನ್ನು ಬಯ್ಯುವುದಕ್ಕೆ ಮುಂಚೆ ಮಳೆಯ ವಿಚಾರವನ್ನು ಕೇಳಬೇಕು.

ಚಳ್ಳಕೆರೆ ತಾಲ್ಲೂಕಿನ ತಳುಕು ಗ್ರಾಮದ ಒಂದು ಮನೆತನವನ್ನೇ ನೋಡಿರಿ. ಕುವೆಂಪು ಅವರ ಗುರುಗಳೂ, ಅವರು ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಅರ್ಪಿಸಿದ್ದು ಯಾರಿಗೋ ಅವರೂ ಆದ ಟಿ. ಎಸ್. ವೆಂಕಣ್ಣಯ್ಯನವರು (1885–1939) ಆ ಮನೆಯವರು. ತಮ್ಮಂದಿರಾದ ತ. ಸು. ಶಾಮರಾಯರೂ ವಿದ್ವಾಂಸರು. ಸೋದರನ ಮಗನಾದ ತ. ರಾ. ಸುಬ್ಬರಾಯರು (1920–1984) ಚಿತ್ರದುರ್ಗದ ಇತಿಹಾಸವನ್ನು ಕಾದಂಬರಿಗಳಾಗಿ ಬರೆದವರು. ಅಕ್ಷರಪ್ರೀತಿಯು ಇವರಿಗೆ ರಕ್ತದಿಂದ ಬಂದಿತೇ, ಮನೆಯ ವಾತಾವರಣದಿಂದ ಬಂದಿತೇ? ರಕ್ತವನ್ನು ಕೊಟ್ಟ ಮನೆಯೇ ಪುಸ್ತಕಗಳನ್ನೂ ಕೊಟ್ಟಿತು; ಎರಡನ್ನೂ ಬಿಡಿಸಿ ನೋಡುವುದು ಹೇಗೆ? ಆದರೆ ಅವರ ಭೇದವನ್ನೂ ಗಮನಿಸಬೇಕು. ವೆಂಕಣ್ಣಯ್ಯನವರು ಸೌಮ್ಯರಾದ ಅಧ್ಯಾಪಕರು. ತ. ರಾ. ಸು. ಅವರಾದರೋ 1942ರ ಚಳವಳಿಯಲ್ಲಿ ಓದನ್ನು ಬಿಟ್ಟು ಧುಮುಕಿದವರು, ಪ್ರಗತಿಶೀಲ ಸಾಹಿತಿಗಳೊಡನೆ ನಿಂತವರು. ಒಂದೇ ಮನೆತನ, ಸ್ವಭಾವ ಒಂದೇ ಅಲ್ಲ.

ನಮ್ಮ ಅಜ್ಜಿಯವರ ಹಿರಿಯವಳು, ನಡುವಿನವಳು, ಕಿರಿಯವಳು ಎಂಬ ಮತವನ್ನು ವಿಯೆನ್ನಾದ ಆಡ್ಲರ್ ಎಂಬ ವೈದ್ಯರೂ ಹೇಳಿದ್ದರು. ಅಮೆರಿಕ, ಇಂಗ್ಲೆಂಡ್, ಜರ್ಮನಿಗಳ 20 ಸಾವಿರಕ್ಕೂ ಹೆಚ್ಚು ಜನರ ವಿವರಗಳನ್ನು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಮೇಲೆ ಹೇಳಿದ ಐದು ಗುಣಗಳ ಮೇಲೆ ಹುಟ್ಟಿದ ಕ್ರಮದ ಶಾಶ್ವತವಾದ ಪ್ರಭಾವವು ಕಾಣಲಿಲ್ಲ. ನಮ್ಮ ಮನೆಯಲ್ಲಿ ಇಂದು ಹೆಚ್ಚು ಧೈರ್ಯಸ್ಥಳು ಆ ಅಳುಬುರುಕಿ ತಂಗಿಯೇ.

ಮನೆಯ ಮತವು ಸರಕಾರದ ಮತವಾದರೆ ಏನಾಗುವುದೆಂಬುದಕ್ಕೂ ನಮ್ಮ ದೇಶದಲ್ಲಿ ನಿದರ್ಶನವಿದೆ. 1871ರಲ್ಲಿ ಬ್ರಿಟಿಷ್ ಸರಕಾರವು ಮಾಡಿದ ಕಾಯಿದೆಯೊಂದು ಕೆಲವು ಬುಡಕಟ್ಟುಗಳನ್ನು ‘ಅಪರಾಧಿ’ ಬುಡಕಟ್ಟುಗಳೆಂದು ಸಾರಿ, ಹುಟ್ಟಿದ ಶಿಶುವನ್ನೂ ಆ ಹೆಸರಿನೊಳಗೆ ಸೇರಿಸಿತು. ಸ್ವತಂತ್ರ ಭಾರತವು 1952ರಲ್ಲಿ ಅದನ್ನು ರದ್ದುಮಾಡಿತು. ಕಾಯಿದೆ ಹೋಯಿತು, ತರಗತಿಯಲ್ಲಿ ಒಂದು ಪೆನ್ನು ಕಾಣೆಯಾದರೆ ಮೊದಲು ಯಾವ ಮಗುವಿನ ಕಡೆಗೆ ಕಣ್ಣು ಹೊರಳುವುದೆಂಬುದನ್ನು ಉಪಾಧ್ಯಾಯಿನಿಯರು ತಮ್ಮ ತಮ್ಮ ಮನಸ್ಸನ್ನೇ ಕೇಳಿಕೊಳ್ಳಬೇಕು.

ಕಳೆದ ಚಳಿಗಾಲದಲ್ಲಿ ಒಂಬತ್ತನೆಯ ತರಗತಿಯ ಬಾಲಿಕೆಯರನ್ನು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಕರೆದುಕೊಂಡು ಹೋಗಿದ್ದೆವು. ಕ್ರಿಸ್ತಪೂರ್ವ ಮೂರನೆಯ ಶತಮಾನದ ಅಶೋಕನ ಶಾಸನವನ್ನು ಅಲ್ಲಿ 1892ರಲ್ಲಿ ಬಿ. ಎಲ್. ರೈಸ್ ಅವರು ಕಂಡುಹಿಡಿದರು. ತಾಯಿತಂದೆಗಳ ಸೇವೆ, ಪ್ರಾಣಿಗಳಲ್ಲಿ ದಯೆ, ಸತ್ಯವಚನ, ಶಿಷ್ಯರು ಗುರುಗಳಿಗೆ ಸಲ್ಲಿಸಬೇಕಾದ ಗೌರವ, ಇವೆಲ್ಲ ಆ ಬಂಡೆಯ ಮೇಲೆ ಇವೆ. ಗುರುಗೌರವದ ಮಾತನ್ನು ನಾನು ಸಂತೋಷದಿಂದಲೇ ಮಕ್ಕಳಿಗೆ ವಿವರಿಸಿದೆನು. ಆದರೆ ಅದಕ್ಕಿಂತ ಮೊದಲು ಬಂಡೆಯು ಇನ್ನೊಂದನ್ನು ಹೇಳುತ್ತದೆ: ಶ್ರಮದ ಫಲವು ದೊಡ್ಡವರಿಗೆ ಮಾತ್ರ ಮೀಸಲಲ್ಲ, ಪ್ರಯತ್ನಪಟ್ಟರೆ ಚಿಕ್ಕವರಿಗೂ ದೊರೆಯುವುದು ಎಂಬುದೇ ಅದರ ತಾತ್ಪರ್ಯ. ಚಕ್ರವರ್ತಿಯು ಹುಟ್ಟಿನ ವಿಚಾರವನ್ನೆತ್ತದೆ ಪ್ರಯತ್ನದ ವಿಚಾರವನ್ನು ಮಾತ್ರ ನಮ್ಮ ಸೀಮೆಯ ಕಲ್ಲಿನ ಮೇಲೆ ಬರೆಸಿದನು. ಅವನು ಕಲ್ಲಿನ ಮೇಲೆ ಬರೆಸಲು ಯೋಚಿಸಿದಷ್ಟು, ನಾನು ಕಾಗದದ ಮೇಲೆ ಬರೆಯಲು ಯೋಚಿಸಿರಲಿಲ್ಲ.

ಈಗ ನಮ್ಮ ಶಾಲೆಯಲ್ಲಿ ‘ಸ್ವಭಾವ’ ಎಂಬ ಅಂಕಣವಿಲ್ಲ. ‘ಕಂಡದ್ದು’ ಎಂಬ ಅಂಕಣವಿದೆ. ‘ಸೋಮಾರಿ’ ಎಂದು ಬರೆಯಕೂಡದು. ‘ಈ ತಿಂಗಳು ನಾಲ್ಕು ದಿನ ಮನೆಗೆಲಸ ತರಲಿಲ್ಲ’ ಎಂದು ಬರೆಯಬೇಕು. ‘ಮಂದ’ ಎಂದು ಬರೆಯಕೂಡದು. ‘ಕೇಳಿದಾಗ ಉತ್ತರ ಕೊಡಲಿಲ್ಲ’ ಎಂದು ಬರೆದು, ಪಕ್ಕದಲ್ಲಿ ‘ಕಾರಣ ವಿಚಾರಿಸಿದೆನೋ?’ ಎಂಬ ಪ್ರಶ್ನೆಗೆ ಉತ್ತರವನ್ನು ತುಂಬಬೇಕು. ಉಪಾಧ್ಯಾಯಿನಿಯರಿಗೆ ಇದರಿಂದ ಕೆಲಸ ಹೆಚ್ಚಾಗಿದೆ. ಅವರು ಗೊಣಗುವುದೂ ನನ್ನ ಕಿವಿಗೆ ಬೀಳುತ್ತದೆ. ಎರಡು ನಿಮಿಷದಲ್ಲಿ ಬರೆದ ಮಾತಿಗೆ ಒಂದು ವರ್ಷದ ಬೆಲೆ ತೆತ್ತವಳನ್ನು ಬಲ್ಲೆನಾದ್ದರಿಂದ, ಈ ವಿಷಯದಲ್ಲಿ ನಾನು ನನ್ನ ಹಳೆಯ ಹಟವನ್ನು ಬಿಟ್ಟಿಲ್ಲ.

ಪ್ರಿಯ ಬಾಲಿಕೆಯರೇ, ನಿಮಗೂ ಒಂದು ಮಾತು. ‘ನಾನು ಹೀಗೆಯೇ’ ಎಂದು ಹೇಳುವುದಕ್ಕೆ ಮೊದಲು, ಅದು ನೀವು ಕಂಡುಕೊಂಡದ್ದೋ, ಯಾರೋ ಹೇಳಿಕೊಟ್ಟದ್ದೋ ಎಂದು ಕೇಳಿಕೊಳ್ಳಿರಿ. ನಿಮ್ಮಲ್ಲಿ ಹುಟ್ಟಿನಿಂದ ಬಂದದ್ದೂ ಇರಬಹುದು. ಅದು ನಿಮ್ಮ ಬೀಜ. ಬೇಸಾಯವು ಇನ್ನೂ ಉಳಿದಿದೆ.

ಆ ದಾಖಲೆ ಪುಸ್ತಕವನ್ನು ಬೀರುವಿನಲ್ಲಿ ಮತ್ತೆ ಇಡುವುದಕ್ಕೆ ಮುಂಚೆ, ನನ್ನ ಮೂರು ವಾಕ್ಯಗಳ ಕೆಳಗೆ ಇಂದಿನ ತಾರೀಖನ್ನು ಹಾಕಿ ಹೀಗೆ ಬರೆದು ರುಜು ಮಾಡಿದ್ದೇನೆ: ‘ಮೇಲಿನದು ತಪ್ಪು. ಮನೆಮಾತು ತೆಲುಗು. ತರಗತಿಯಲ್ಲಿ ನಕ್ಕಿದ್ದರಿಂದ ಮಾತು ಬಿಟ್ಟಳು. ನಾನು ವಿಚಾರಿಸಲಿಲ್ಲ.’ ಈ ಸಂಚಿಕೆಯು ಹಳೆಯ ವಿದ್ಯಾರ್ಥಿನಿಯರೆಲ್ಲರಿಗೂ ಹೋಗುವುದೆಂದು ಕೇಳಿದ್ದೇನೆ. ಅವಳ ಕೈಗೂ ಸೇರಲಿ.